ಪೊಲೀಸರು ಒಬ್ಬರೋ, ಹಲವರೋ?

ಮಗಳನ್ನು ಪ್ರವೇಶ ಪರೀಕ್ಷೆಗೆ ಕರೆದುಕೊಂಡು ಹೋಗುವುದರಲ್ಲಿ ಅಂಥ ಕಷ್ಟವೇನಿದೆ? ಕಮಲಾಪುರದಲ್ಲಿ ಬಸ್ ಹತ್ತಬೇಕು, ಹೊಸಪೇಟೆಯಲ್ಲಿ ಇಳಿಯಬೇಕು, ಅವಳನ್ನು ಗೇಟಿನೊಳಗೆ ಬಿಟ್ಟು ಬೇವಿನ ಮರದ ಕೆಳಗೆ ಕೂರಬೇಕು. ನಾನು ಬಾಳೆಗೊನೆ ವ್ಯಾಪಾರಿ. ಒಂದು ಕಾಯಿಯೂ ಜಜ್ಜಿಹೋಗದಂತೆ ಲಾರಿಗಟ್ಟಲೆ ಗೊನೆ ಸಾಗಿಸುವವನಿಗೆ ಒಬ್ಬ ಮಗಳನ್ನು ಜಜ್ಜದೆ ಮನೆಗೆ ತರುವುದು ದೊಡ್ಡದೇ?

ಇಂಥ ಕೆಲಸಗಳೆಲ್ಲ ಮೊದಲು ಶಾರದಾಳವು. ನನ್ನ ಹೆಂಡತಿ ಶಾರದಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಹೋದ ಶ್ರಾವಣದಲ್ಲಿ ತೀರಿಕೊಂಡಳು. ಮಗಳು ಸುಮಾ ತಾನೂ ಇಂಗ್ಲಿಷನ್ನೇ ಓದಿ ಅಮ್ಮನಂತೆ ಟೀಚರ್ ಆಗುತ್ತೇನೆಂದು ಹಟ ಹಿಡಿದು ಈ ಪರೀಕ್ಷೆಗೆ ಕೂತಿದ್ದಳು. ಬೆಳಿಗ್ಗೆ ಇಂಗ್ಲಿಷ್, ಮಧ್ಯಾಹ್ನ ಸಾಮಾನ್ಯ ಜ್ಞಾನ, ನಡುವೆ ಊಟ. ಆ ಊಟ ಮಾಡಿಸುವುದಷ್ಟೇ ನನ್ನ ಪಾಲಿನ ಕರ್ತವ್ಯ. ಕೆಟ್ಟದ್ದೂ ಅದೇ!

ಬೆಳಗಿನ ಪೇಪರ್ ಮುಗಿಸಿ ಸುಮಾ ನಗುತ್ತಲೇ ಬಂದಳು. ನಾನು ಬುತ್ತಿ ಬಿಚ್ಚುವ ಬದಲು ಬಾಯಿ ಬಿಚ್ಚಿದೆ.

“ಕಷ್ಟದ್ದು ಏನರ ಇತ್ತೇನವ್ವಾ?”

“ಒಂದಿತ್ತಪ್ಪಾ. ‘ದಿ ಪೊಲೀಸ್’ ಅಂತ ಕೊಟ್ಟು, ಅದರ ಮುಂದ ‘ಈಸ್’ ಬರತೈತೋ ‘ಆರ್’ ಬರತೈತೋ ಅಂತ ಕೇಳಿದ್ರು. ನಾ ಕಂಪ್ಯೂಟರಿನ್ಯಾಗ ಆರ್ ಒತ್ತೀನಿ.”

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಇಂಗ್ಲಿಷ್ ಟೀಚರಮ್ಮನ ಗಂಡ ಎಂಬ ಪದವಿ ಸಣ್ಣದೇನು? ಗಂಟಲು ಸರಿಮಾಡಿಕೊಂಡೆ.

“ಈಸ್ ಬರಬೇಕಲ್ಲವ್ವಾ? ಪೊಲೀಸ್ ಅಂದ್ರ ಒಬ್ಬ. ಪೊಲೀಸರು ಅಂದ್ರ ಭಾಳ ಮಂದಿ.”

ಸುಮಾಳ ನಗು ನಿಂತಿತು. ಪಕ್ಕದಲ್ಲಿ ಕೂತಿದ್ದವರು ಕಂಪ್ಲಿಯ ರೈಸ್‌ಮಿಲ್ ಮಾಲೀಕ ಶರಣಪ್ಪನವರು. ಮಗನಿಂದ ಪರೀಕ್ಷೆ ಬರೆಸಲು ಬಂದಿದ್ದರು. ಅವರು ಸುಮ್ಮನಿರಲಿಲ್ಲ.

“ಏನ್ರಿ ಸಾಹುಕಾರ್ರ, ಪೊಲೀಸ್ರಿಗೆ ಏಕವಚನ ಹಚ್ತೀರೇನು? ಸ್ಟೇಷನ್ನಿಗೆ ಎಳಕೊಂಡು ಹೋಗ್ತಾರ ನೋಡ್ರಿ! ಮರ್ಯಾದಿ ಕೊಟ್ಟು ಆರ್ ಅನ್ರಿ.”

“ಇಂಗ್ಲಿಷಿನ್ಯಾಗ ಹಂಗ ಮರ್ಯಾದಿ ಕೊಡಂಗಿಲ್ರಿ,” ಎಂದೆ. ಶಾರದಾ ಎಂದೋ ಹೇಳಿದ್ದರಲ್ಲಿ ನನಗೆ ನೆನಪಿದ್ದದ್ದು ಅದೊಂದೇ.

ಆಚೆ ಕೂತಿದ್ದ ಹುಲಿಗೆಮ್ಮ ಯಶವಂತನಗರದಿಂದ ಮಗಳನ್ನು ಕರೆತಂದಿದ್ದರು. ಅವರೂ ಈ ಕಡೆ ತಿರುಗಿದರು. “ಯಣ್ಣಾ, ನಮ್ಮ ಕಡಿ ಲಾರಿ ಹಿಡಿಯಾಕ ಪೊಲೀಸ್ ಎಂದಾರ ಒಬ್ಬನ ಬಂದಾನೇನು? ಬಂದ್ರ ಜೀಪ್ ತುಂಬ ಬರ್ತಾರ. ಆರ್!”

ಮರದ ಕೆಳಗಿದ್ದ ಅಪ್ಪ ಅಮ್ಮಂದಿರೆಲ್ಲ ಎದ್ದು ಬಂದರು. ವಾದ ಬಿರುಸಾಯಿತು. ಕೊನೆಗೆ ನಾನೇ ಸ್ವಯಂಘೋಷಿತ ಅಧ್ಯಕ್ಷನಾಗಿ ಮತಕ್ಕೆ ಹಾಕಿದೆ. ಟೀಚರಮ್ಮನ ಗಂಡ ಎಂದು ತಿಳಿದ ಮೇಲೆ ಅಪ್ಪಂದಿರೆಲ್ಲ ನನ್ನ ಕಡೆ ಕೈ ಎತ್ತಿದರು. ಈಸ್ ಪಕ್ಷಕ್ಕೆ ಭಾರಿ ಬಹುಮತ! ಗೆದ್ದ ಖುಷಿಯಲ್ಲಿ ಮಗಳ ಕಡೆ ತಿರುಗಿದೆ.

ಸುಮಾ ಅಳುತ್ತಿದ್ದಳು.

“ಅಮ್ಮನ ಮಗಳಾಗಿ ಇಂಗ್ಲಿಷಿನ್ಯಾಗ ತಪ್ಪಿದ್ನಲ್ಲಪ್ಪಾ. ನನಗ ಊಟ ಬ್ಯಾಡ. ಮಧ್ಯಾಹ್ನದ್ದೂ ಬರಿಯಂಗಿಲ್ಲ. ನಡಿ, ಊರಿಗೆ ಹೋಗೂಣು.”

“ತಡಿಯವ್ವಾ, ಅಳಬ್ಯಾಡ. ಒಂದ್ನಿಮಿಷ, ನಿಮ್ಮವ್ವಗ ಕೇಳಿಬಿಡ್ತೀನಿ,” ಎಂದೆ. ಫೋನ್ ತೆಗೆದು ‘ಟೀಚರ್’ ಎಂಬ ಹೆಸರು ಒತ್ತಿದೆ. ಎಷ್ಟೋ ವರ್ಷಗಳ ರೂಢಿ. ಬೆರಳಿಗೆ ಯಾರೂ ಸುದ್ದಿ ಹೇಳಿರಲಿಲ್ಲ.

ನನ್ನ ಕೈಚೀಲ ರಿಂಗಾಯಿತು.

ಶಾರದಾಳ ಫೋನನ್ನು ಈಗ ಸುಮಾ ಬಳಸುತ್ತಾಳೆ. ಪರೀಕ್ಷೆಯ ಕೋಣೆಗೆ ಒಯ್ಯುವಂತಿಲ್ಲವೆಂದು ಬೆಳಿಗ್ಗೆ ನನ್ನ ಚೀಲದಲ್ಲೇ ಇಟ್ಟಿದ್ದಳು.

“ನಿಮ್ಮ ಚೀಲ ಒದರಾಕತ್ತೈತ್ರಿ,” ಎಂದರು ಶರಣಪ್ಪನವರು. “ಮೊದ್ಲು ಅದನ್ನ ಎತ್ರಿ. ಆಮ್ಯಾಲ ಮೇಡಮ್ಮರಿಗೆ ಹಚ್ಚುವಿರಂತ.”

ಎತ್ತಲೂ ಆಗಲಿಲ್ಲ, ಕಟ್ ಮಾಡಲೂ ಆಗಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಕಂಬದಂತೆ ನಿಂತೆ. ಸುಮಾ ನನ್ನ ಮುಖ ನೋಡಿದಳು. ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ಹಾಕಿ ಫೋನ್ ಎತ್ತಿದಳು. ನನ್ನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದಳು.

“ರೀ,” ಎಂದಳು. ಶಾರದಾ ಎಳೆಯುತ್ತಿದ್ದಷ್ಟೇ ಎಳೆದು. “ಬರೆದದ್ದು ಬರೆದಾತು. ಮಂದೀನ ಕೂಡಿಸಿಕೊಂಡು ಏನು ಪಂಚಾಯ್ತಿ ಹಚ್ಚೀರಿ? ಮೊದ್ಲು ಹುಡುಗಿಗೆ ಊಟ ಹಾಕ್ರಿ.”

ಎಡಗಿವಿಗೆ ಫೋನಿನಲ್ಲಿ, ಬಲಗಿವಿಗೆ ಗಾಳಿಯಲ್ಲಿ, ಎರಡೂ ಕಡೆಯಿಂದ ಬೈಸಿಕೊಂಡೆ.

“ಆತು,” ಎಂದೆ.

“ನೀವೂ ಉಣ್ರಿ. ಇಡ್ಲೇನು?”

“ಸ್ವಲ್ಪ ತಡಿ.”

ಅವಳು ಇಡಲಿಲ್ಲ. ಇಬ್ಬರೂ ಕಿವಿಗೆ ಫೋನ್ ಹಿಡಿದು ಹಾಗೆಯೇ ನಿಂತೆವು.

ಹುಲಿಗೆಮ್ಮನಿಗೆ ತಿಳಿಯಿತು. ಸೆರಗಿನಿಂದ ಕಣ್ಣು ಒತ್ತಿಕೊಂಡು ಎಲ್ಲರ ಮೇಲೂ ಹರಿಹಾಯ್ದರು. “ಏನು ನೋಡ್ತೀರಿ ನಿಂತು? ಮಕ್ಕಳಿಗೆ ಉಣ್ಣಾಕ ಹಾಕ್ರಿ ಅಂತ ಟೀಚರಮ್ಮ ಹೇಳಿದ್ದು ಕೇಳಸ್ಲಿಲ್ಲೇನು?” ನಮ್ಮ ಬುತ್ತಿಯನ್ನು ತಾವೇ ಬಿಚ್ಚಿ ಸುಮಾಳ ರೊಟ್ಟಿಗೆ ತಮ್ಮ ಶೇಂಗಾ ಚಟ್ನಿ ಸುರಿದರು. ಮಗಳು ಉಂಡಳು. ಗಂಟೆ ಬಾರಿಸಿದಾಗ ಒಳಗೂ ಹೋದಳು.

ಅವಳು ಮರೆಯಾದ ಮೇಲೆ ಶರಣಪ್ಪನವರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. “ಎಲ್ಲಾ ಸರಿ. ಮೇಡಮ್ಮರು ಈಸ್ ಅಂದ್ರೋ, ಆರ್ ಅಂದ್ರೋ?”

ಹುಲಿಗೆಮ್ಮ ಬೀರಿದ ನೋಟಕ್ಕೆ ಅವರು ಸಂಜೆಯವರೆಗೂ ಬಾಯಿ ತೆರೆಯಲಿಲ್ಲ.

ವಾಪಸು ಬಸ್ಸಿನಲ್ಲಿ ಸುಮಾ ಕಿಟಕಿಯ ಪಕ್ಕ ಕೂತಳು. “ಮಧ್ಯಾಹ್ನದ್ದು ಮಸ್ತ್ ಆತಪ್ಪಾ,” ಎಂದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹೇಳಿದಳು, “ಅದು ಆರ್ ಅಪ್ಪಾ. ಅಮ್ಮನ ಹೇಳಿಕೊಟ್ಟಿದ್ಲು.”

“ಗೊತ್ತಿದ್ದೂ ಮತ್ಯಾಕ ಅತ್ತಿ?”

“ನೀ ಅಷ್ಟು ಗಟ್ಟಿಯಾಗಿ ಹೇಳಿದ್ದು ನೋಡಿ, ಅಮ್ಮ ನಿನಗ ಬ್ಯಾರೆ ಏನರ ಹೇಳಿರಬೇಕು ಅನಿಸ್ತು.”

ನಾನು ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತೆ. ಆ ಹೊತ್ತಿಗೆ ಸಂಡೂರಿಗೂ ಕಂಪ್ಲಿಗೂ ಹೊರಟ ಬಸ್ಸುಗಳಲ್ಲಿ, ನನ್ನನ್ನು ನಂಬಿ ಕೈ ಎತ್ತಿದ ಅಪ್ಪಂದಿರು, ಸರಿ ಉತ್ತರ ಒತ್ತಿದ ತಮ್ಮ ಮಕ್ಕಳನ್ನು ಬೈಯುತ್ತ ಹೋಗುತ್ತಿರಬೇಕು. ತಪ್ಪಾಯಿತು ಎಂದು ಹೇಳೋಣವೆಂದರೆ ಅವರಲ್ಲಿ ಒಬ್ಬರ ನಂಬರೂ ನನ್ನ ಹತ್ತಿರ ಇಲ್ಲ!