ಬಕೆಟ್ ಮಾರಿದ ಇಂಗ್ಲಿಷ್

ಅಂಗಡಿಯಲ್ಲಿ ನಿಂತು ದುಡಿಯುವವರಿಗೆ ನಗಲು ಬೇರೆ ಟಿ.ವಿ. ಬೇಡ. ದಿನಕ್ಕೊಂದಾದರೂ ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಉಡುಪಿಯ ಬನ್ನಂಜೆಯ ಪಾತ್ರೆ ಅಂಗಡಿಯೊಂದರಲ್ಲಿ ನಾನು ಹದಿನಾಲ್ಕು ವರ್ಷ ನಿಂತವಳು. ಕಳೆದ ವರ್ಷ ಧಣಿಗಳು ಅಂಗಡಿಯನ್ನು ಮಣಿಪಾಲಕ್ಕೆ ಸಾಗಿಸುವುದೆಂದು ನಿಶ್ಚಯಿಸಿದರು. "ಅಲ್ಲಿ ಬರುವವರು ಹೊರರಾಜ್ಯದ ಮಕ್ಕಳು. ಇಂಗ್ಲಿಷ್ ಬಂದವರಿಗೆ ಕೌಂಟರ್, ಬಾರದವರಿಗೆ ಸಂತೆಕಟ್ಟೆಯ ಗೋದಾಮು" ಎಂದರು. ಕಲಿಯಲು ಒಂದು ತಿಂಗಳ ಗಡುವು. ಗೋದಾಮಿನಲ್ಲಿ ಪಾತ್ರೆಗಳು ಬೇಕಾದಷ್ಟು, ಮಾತಾಡಲು ಒಬ್ಬರಿಲ್ಲ. ಮಾತಿಲ್ಲದ ಕೆಲಸ ನನಗೆ ಜೈಲೇ. ನಿಜಕ್ಕೂ ಹೆದರಿದೆ.

ಕುರ್ಚಿ

ಕಲಿಸಲು ನಿಂತದ್ದು ಧಣಿಗಳ ಮಗಳು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅರ್ಧ ಗಂಟೆ ಪ್ರಾಕ್ಟೀಸ್. ಮೊದಲ ದಿನ ಕಾರ್ಕಳದಿಂದ ಬರುವ ನಮ್ಮ ಸೇಲ್ಸ್‌ಮನ್‌ಗೆ ಅಂಗಡಿಯವನ ವೇಷ, ನನಗೆ ಗಿರಾಕಿಯದು.

ಇಷ್ಟು ವರ್ಷ ಗಿರಾಕಿಗಳು ನನ್ನನ್ನು ಗೋಳು ಹೊಯ್ದುಕೊಂಡ ಸಿಟ್ಟೆಲ್ಲ ಅಂದು ಹೊರಬಂತು. "ಶೋ ಮಿ ಅನದರ್ ಒನ್ ಪ್ಲೀಸ್" ಎನ್ನುತ್ತಾ ಅವನು ಹನ್ನೊಂದು ಕುಕ್ಕರ್ ಇಳಿಸುವಂತೆ ಮಾಡಿದೆ. ಒಂದರ ಹಿಡಿ ಸರಿಯಿಲ್ಲ, ಇನ್ನೊಂದರ ಮುಚ್ಚಳ ಬಿಗಿ. ಪಾಪ, ಅವನು ಪ್ರತಿ ಸಲವೂ "ಶೂರ್ ಮೇಡಂ" ಎಂದು ಬೆವರು ಒರೆಸಿಕೊಂಡ. ಕೊನೆಗೆ "ಐ ಡೋಂಟ್ ಲೈಕ್" ಎಂದು ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

ಒಳಕೋಣೆಯಲ್ಲಿ ಫೋನಿನಲ್ಲಿದ್ದ ಧಣಿಗಳಿಗೆ ಹೊರಟ ಗಿರಾಕಿಯ ಬೆನ್ನು ಮಾತ್ರ ಕಂಡಿತು. ಓಡಿ ಬಂದು, "ಮೇಡಂ, ಬನ್ನಿ ಬನ್ನಿ, ಕೂತು ನೋಡಿ" ಎಂದು ಕುರ್ಚಿ ಎಳೆದರು. ನಾನು ಕೂತೇಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಕೂತದ್ದು ಅದೇ ಮೊದಲು!

ಅತ್ತೆಯ ತೀರ್ಪು

ನನ್ನ ಮನೆ ಕಾಪುವಿನಲ್ಲಿ. ಅತ್ತೆ ನಲವತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಅಂಗಡಿಯವಳ ಮಾತನ್ನೂ ಸ್ವಲ್ಪ ಕಲಿಯೋಣ ಎಂದು ಒಂದು ಬೆಳಿಗ್ಗೆ ಅವರೆದುರು ಕೈಕಟ್ಟಿ ನಿಂತು, "ಗುಡ್ ಮಾರ್ನಿಂಗ್ ಮೇಡಂ, ಹೌ ಮೇ ಐ ಹೆಲ್ಪ್ ಯು ಪ್ಲೀಸ್?" ಎಂದೆ.

ಬಂಗುಡೆ ಮೀನು ಕೊಯ್ಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಹಾಗೆಂದರೆ ಎಂತ?"

ಅರ್ಥ ಹೇಳಿದೆ.

"ಇಷ್ಟು ನಯ ಒಳ್ಳೆಯದಲ್ಲ ಮಾರಾಯ್ತಿ. ನಾನು ಒಂದು ದಿನ ಹೀಗೆ ಮಾತಾಡಿದ್ದರೆ ಮೀನು ನಿನ್ನೆಯದ್ದು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು!"

ಪರೀಕ್ಷೆ

ನಾನು ಗಿರಾಕಿಯಾದ ಚಂದ ನೋಡಿ ಧಣಿಗಳ ಮಗಳು, "ಅಕ್ಕಾ, ಈ ವೇಷ ನಿಮಗೇ ಇರಲಿ" ಎಂದು ತಿಂಗಳಿಡೀ ನನ್ನನ್ನು ಗಿರಾಕಿಯನ್ನಾಗಿಯೇ ಇಟ್ಟಿದ್ದಳು. ಅದರ ಅಪಾಯ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಮಣಿಪಾಲದ ಅಂಗಡಿ ತೆರೆದ ದಿನ ಧಣಿಗಳು, "ಈಗ ಬರುವವರೇ ನಿನ್ನ ಪರೀಕ್ಷೆ" ಎಂದು ಪಕ್ಕಕ್ಕೆ ನಿಂತರು. ಉತ್ತರದ ಕಡೆಯ ಒಬ್ಬ ತಾಯಿ, ಹಾಸ್ಟೆಲಿಗೆ ಸೇರುವ ಮಗಳೊಂದಿಗೆ ಬಂದು, "ವಿ ನೀಡ್ ಎ ಬಕೆಟ್" ಎಂದರು.

ನನ್ನ ಬಾಯಿಂದ ಬಂದದ್ದು, "ಶೋ ಮಿ ಸ್ಟ್ರಾಂಗ್ ಒನ್ ಪ್ಲೀಸ್!"

ಆಕೆ ಕಣ್ಣರಳಿಸಿದರು. ಅತ್ತಿತ್ತ ನೋಡಿ, ಪಕ್ಕದ ರಾಶಿಯಿಂದ ನೀಲಿ ಬಕೆಟ್ ಒಂದನ್ನು ತಾವೇ ಎತ್ತಿ ನನಗೆ ತೋರಿಸಿದರು. ನನ್ನ ನಾಲಗೆ ನನ್ನ ಮಾತು ಕೇಳಬೇಕಲ್ಲ! "ಹ್ಯಾಂಡಲ್ ನಾಟ್ ಗುಡ್" ಎಂದೆ. ಗೋದಾಮು ಕಣ್ಣೆದುರು ಬಂತು.

ಆಕೆಗೆ ಹಟ ಹಿಡಿಯಿತು. ಬಕೆಟ್ ಮಗುಚಿ ಬಡಿದರು, ಹಿಡಿ ಜಗ್ಗಿದರು. "ನೋ ನೋ, ವೆರಿ ಗುಡ್ ಬಕೆಟ್!" ಮಗಳೂ ತಲೆಯಾಡಿಸಿದಳು. ಹಾಗೆಯೇ ಮಗ್ಗು, ಹ್ಯಾಂಗರ್, ಕಸದ ಡಬ್ಬಿ. ನಾನು ಒಂದೊಂದಕ್ಕೂ ಮೂಗು ಮುರಿದೆ, ಅವರು ಒಂದೊಂದನ್ನೂ ಹೊಗಳಿ ಬಕೆಟಿಗೆ ತುಂಬಿದರು. ಕೊನೆಗೆ ತಡೆಯಲಾರದೆ, "ಲಾಸ್ಟ್ ಪ್ರೈಸ್?" ಎಂದೂ ಕೇಳಿಬಿಟ್ಟೆ.

ಆಕೆ ಸ್ಟಿಕ್ಕರಿಗೆ ಬೆರಳಿಟ್ಟು, "ಸಾರಿ ಮೇಡಂ, ಫಿಕ್ಸೆಡ್ ಪ್ರೈಸ್!" ಎಂದು ಖಡಾಖಂಡಿತವಾಗಿ ಹೇಳಿ, ಪೂರ್ತಿ ಹಣ ಕೊಟ್ಟು, ಗೆದ್ದ ಮುಖದಲ್ಲಿ ಹೊರಟರು.

ಧಣಿಗಳು ಹಣ ಎಣಿಸಿ ಡ್ರಾಯರಿಗೆ ಹಾಕಿದರು. ಆಮೇಲೆ ಎರಡೂ ಕೈ ಜೋಡಿಸಿದರು. "ಕೌಂಟರ್ ನಿನಗೇ. ದಮ್ಮಯ್ಯ, ಇನ್ನು ಮೇಲೆ ಇಂಗ್ಲಿಷ್ ಮಾತ್ರ ಕಲಿಯಬೇಡ ಮಾರಾಯ್ತಿ!"