ಹಲಸಿನಮರದ ಬೀದಿಯಲ್ಲಿ ವಾರ್ಡ್ ಸದಸ್ಯರಿಗೆ ಕಾಫಿ ಕೊಡುವ ಬಗ್ಗೆ

ವಾರ್ಡ್ ಸಂಚಾರ ಸುಗಮ ಶಾಖೆ
ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಸೀಮೆ

ಸಂಖ್ಯೆ: ವಾಸಂಸು/ಕಾಫಿ/ತುರ್ತು/07/2024-25
ದಿನಾಂಕ: 12-12-2024

ವಿಷಯ: ಬೀದಿ ಪರಿಶೀಲನೆಗೆ ಹೊರಟ ಮಾನ್ಯ ಸದಸ್ಯರು ಬೀದಿಯ ಕೊನೆ ಮುಟ್ಟುವಂತೆ ಮಾಡುವ ಕುರಿತು.

ಉಲ್ಲೇಖ: 1) ಶ್ರೀ ಮುದ್ದಪ್ಪನವರ ಮನವಿ.
2) ಅವರದೇ ನೆನಪೋಲೆ.
3) ಅವರು ಕಛೇರಿ ಬಾಗಿಲಲ್ಲಿ ನಿಂತು ಕೂಗಾಡಿದ್ದು.

ಹಲಸಿನಮರದ ಬೀದಿಯ ಕಟ್ಟಕಡೆಯ ಮನೆಯ ಶ್ರೀ ಮುದ್ದಪ್ಪನವರು ತಳ್ಳುಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವವರು. ಅವರ ಮನೆ ಮುಂದಿನ ಚರಂಡಿಯ ಚಪ್ಪಡಿ ಯುಗಾದಿಗೆ ಮುಂಚೆಯೇ ಮುರಿದಿದ್ದು, ಗಾಡಿಯು ಅಂಗಳ ಬಿಟ್ಟು ಆಚೆ ಬಂದಿರುವುದಿಲ್ಲ. ಬಸ್ ಸ್ಟ್ಯಾಂಡಿನ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಗಾಡಿಯ ಪಾಲಾಗಿರುತ್ತಾರೆ. ಸದಸ್ಯರು ಕಣ್ಣಾರೆ ಕಾಣದೆ ಚಪ್ಪಡಿ ಬದಲಿಸಲು ಈ ಶಾಖೆಯ ನಿಯಮದಲ್ಲಿ ಅವಕಾಶವಿಲ್ಲ.

ವಾರ್ಡ್ ಸದಸ್ಯೆ ಶ್ರೀಮತಿ ಭುವನಾ ಅವರು ನೋಡಲೆಂದು ಹಲವು ಸಲ ಹೊರಟದ್ದು ನಿಜ. ಆದರೆ ಪ್ರತಿ ಮನೆಯಲ್ಲೂ ಕಾಫಿ ಕುಡಿದು, ಅರಿಶಿನ ಕುಂಕುಮ ಪಡೆದು, ಮಡಿಲಿಗೆ ತೆಂಗಿನಕಾಯಿ ಹಾಕಿಸಿಕೊಂಡು, ಬೀದಿಯ ನಡುಮಧ್ಯಕ್ಕೆ ಬರುವಷ್ಟರಲ್ಲಿ ಹೊಟ್ಟೆಯೂ ಕೈಯೂ ಭಾರವಾಗಿ ಮನೆಗೆ ಮರಳಿರುತ್ತಾರೆ. ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಬೇಡವೆಂದರೆ ಆ ಮನೆಯ ಓಟು ಕೈಬಿಟ್ಟಂತೆಯೇ. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲ ಅಡುಗೆಮನೆಗಳಿಗೆ ತಿಳಿಯಪಡಿಸುವುದೇನೆಂದರೆ:

1. "ಅರ್ಧ ಲೋಟ ಕಣವ್ವ, ಅಷ್ಟೇಯ" ಎಂದು ಹೇಳಿ ಲೋಟ ತುಂಬಿಸುವುದನ್ನು ನಿಷೇಧಿಸಲಾಗಿದೆ.

2. "ಮಾಡಿಟ್ಟಿವ್ನಿ, ಚರಂಡಿಗೆ ಚೆಲ್ಲಾನಾ?" ಎಂದು ಕೇಳತಕ್ಕದ್ದಲ್ಲ. ಚರಂಡಿಯ ಸ್ಥಿತಿ ಮೇಲೆಯೇ ವಿವರಿಸಲಾಗಿದೆ.

3. ಉಪ್ಪಿಟ್ಟು ಕೊಡಕೂಡದು. ಅವರೆಕಾಳು ಉಪ್ಪಿಟ್ಟಿಗೆ ಮಾತ್ರ ವಿನಾಯಿತಿ ಇರುತ್ತದೆ. ಇದಕ್ಕೆ ಕಾರಣ ಕೇಳಿ ಯಾರೂ ಪತ್ರ ಬರೆಯತಕ್ಕದ್ದಲ್ಲ. ಸಹಿ ಮಾಡುವವರೂ ಮನುಷ್ಯರೇ.

4. ಸದಸ್ಯರು ಕೊನೆಯ ಮನೆಯಿಂದಲೇ ಆರಂಭಿಸಬೇಕೆಂಬ ಹಿಂದಿನ ಆದೇಶವನ್ನು ಹಿಂಪಡೆಯಲಾಗಿದೆ. ಮೊದಲನೇ ಮನೆಯ ಶ್ರೀಮತಿ ಕರಿಬಸಮ್ಮನವರು ರಸ್ತೆಗೆ ಅಡ್ಡ ನಿಂತು, "ನೆಟ್ಟಗೆ ಮೊದ್ಲನೇ ಮನೆಯಾಗಿದ್ದೋರ್ನ ಕೊನೇಗಾಕಿದಾರಲ್ಲ, ನಾನೇನ್ ಪಾಪ ಮಾಡಿದ್ನಪ್ಪಾ?" ಎಂದು ಕೇಳಿದ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಾಗಿದೆ.

5. ಸದಸ್ಯರು ಸೋಮವಾರ ಒಪ್ಪತ್ತು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಹಾಗೆ ಹೇಳಿದ ದಿನ ಫಲಾಹಾರದ ಹೆಸರಿನಲ್ಲಿ ಅವಲಕ್ಕಿ, ಬಾಳೆಹಣ್ಣು, ಗಟ್ಟಿ ಹಾಲು, ಮತ್ತೆ ಅವಲಕ್ಕಿ ಕೊಡಲಾಗಿದ್ದು, ಅವರು ಮೂರನೇ ಮನೆಯ ಜಗಲಿಯಲ್ಲೇ ನಿದ್ದೆ ಹೋಗಿರುತ್ತಾರೆ.

6. ಸದಸ್ಯರ ಪತಿಯನ್ನು ಬದಲಿಗೆ ಕಳಿಸುವ ಸಲಹೆಯನ್ನು ತಿರಸ್ಕರಿಸಲಾಗಿದೆ. ಅವರು ಎರಡನೇ ಲೋಟವನ್ನು ತಾವಾಗಿಯೇ ಕೇಳುತ್ತಾರೆ.

7. ಬೀದಿಯವರು ಇಷ್ಟಕ್ಕೂ ಜಗ್ಗದಿದ್ದುದರಿಂದ, ಮುದ್ದಪ್ಪನವರ ಚಪ್ಪಡಿ ಸರಿಯಾಗುವವರೆಗೆ ಬೀದಿಯ ಯಾವ ಮನೆಯವರೂ ಸದಸ್ಯರಿಗೆ ಒಂದು ತೊಟ್ಟೂ ಕಾಫಿ ಕೊಡಕೂಡದೆಂದು ಮಂಗಳವಾರ ಬಾಯಿಮಾತಿನಲ್ಲಿ ಆದೇಶಿಸಲಾಯಿತು.

8. ಸದರಿ ಆದೇಶದ ಪರಿಣಾಮವನ್ನು ಶಾಖೆ ಊಹಿಸಿರಲಿಲ್ಲ. ಬುಧವಾರ ಬೆಳಿಗ್ಗೆ ಸದಸ್ಯರು ತಲೆ ತಗ್ಗಿಸಿಕೊಂಡು ಮನೆಗಳನ್ನು ದಾಟಿ ಹೋಗುತ್ತಿರುವುದನ್ನು ಕಂಡು ಕರಿಬಸಮ್ಮನವರು, "ಮನೆ ಮುಂದೆ ಹೆಣ್ಣುಮಗ್ಳು ಬರೀ ಬಾಯಲ್ಲಿ ಹೋಯ್ತಾವ್ಳೆ, ನಾವೇನ್ ಮನುಸ್ರೇನ್ರೋ! ಆ ಹಾಳು ಚಪ್ಪಡಿ ಒಂದು ಹಾಕ್ ಬಿಸಾಕ್ರಪ್ಪ!" ಎಂದು ಕೂಗಿ, ತಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲನ್ನೇ ಕೀಳಿಸಿಕೊಟ್ಟಿರುತ್ತಾರೆ. ಬೀದಿಯವರೆಲ್ಲ ಕೈಹಾಕಿ, ಸದಸ್ಯರನ್ನೂ ಹಿಂದಿಕ್ಕಿ ಓಡಿ, ಅದನ್ನು ಚರಂಡಿ ಮೇಲೆ ಕೂರಿಸಿದ್ದಾರೆ. ಹೀಗಾಗಿ ಸದಸ್ಯರು ಅಧಿಕಾರ ವಹಿಸಿಕೊಂಡ ಮೇಲೆ ಮೊಟ್ಟಮೊದಲ ಬಾರಿಗೆ ಬೀದಿಯ ಕೊನೆ ಮುಟ್ಟಿದಾಗ, ಅಲ್ಲಿ ಪರಿಶೀಲಿಸಲು ಏನೂ ಉಳಿದಿರಲಿಲ್ಲ.

9. ಸದರಿ ಕಲ್ಲಿಗೆ ಅಂದಾಜುಪಟ್ಟಿ ಇಲ್ಲ, ಮಂಜೂರಾತಿ ಇಲ್ಲ, ಟೆಂಡರ್ ಇಲ್ಲ. ಆದುದರಿಂದ ಅದು ಅಲ್ಲಿ ಇಲ್ಲವೆಂದೇ ಪರಿಗಣಿಸತಕ್ಕದ್ದು. ಗಾಡಿ ಅದರ ಮೇಲೆ ದಾಟುವುದಕ್ಕೆ ಶಾಖೆಯ ಆಕ್ಷೇಪಣೆ ಇರುವುದಿಲ್ಲ.

10. ಕ್ರಮಾಂಕ 1ರಿಂದ 7ರವರೆಗಿನ ನಿಯಮಗಳು ಇಂದಿನಿಂದ ರದ್ದು.

ಸಹಿ/-
ಓಂಕಾರಮೂರ್ತಿ
ಶಾಖಾಧಿಕಾರಿ

ಪ್ರತಿಗಳು:
1. ಶ್ರೀಮತಿ ಭುವನಾ, ಮಾನ್ಯ ಸದಸ್ಯರು: ಮಾಹಿತಿಗಾಗಿ. ನಾಳೆ ಪಕ್ಕದ ಬೀದಿಯ ಸೋರುವ ನಲ್ಲಿ ನೋಡಲಿಕ್ಕಿದೆ. ಮನೆಯಲ್ಲಿ ತಿಂಡಿ ತಿನ್ನದೆ ಹೊರಡುವುದು.
2. ಶ್ರೀಮತಿ ಕರಿಬಸಮ್ಮ: ಬಟ್ಟೆ ಒಗೆಯಲು ಬದಲಿ ಕಲ್ಲು ಕೋರಿ ಅರ್ಜಿ ಸಲ್ಲಿಸಲು. ಸದಸ್ಯರು ಸ್ಥಳ ಪರಿಶೀಲಿಸುತ್ತಾರೆ.
3. ಇಂಜಿನಿಯರ್ ಶ್ರೀ ಧರ್ಮೇಶ್: ಇಲ್ಲದ ಕಲ್ಲಿನ ಅಳತೆಗೆ ನಿನ್ನೆ ಹೋದವರು ಊಟ ಮುಗಿದಿದ್ದಲ್ಲಿ ಹಿಂದಿರುಗಲು.
4. ಶ್ರೀ ಮುದ್ದಪ್ಪ: ನಿನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಗಾಡಿ ಕಂಡು ಈ ಶಾಖೆಗೆ ಸಂತೋಷವಾಗಿದೆ. ಸಂತೋಷಪಡಲು ಶಾಖೆಗೆ ಅಧಿಕಾರವಿಲ್ಲ, ಆದರೂ ಪಡಲಾಗಿದೆ.