ದಿಲ್ಲಿಯ ಕೊರತೆ, ನಮ್ಮ ಮಾವನ ಚಿಂತೆ

ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆದವನಿಗೆ ಸರ್ಕಾರದ ಖರ್ಚಿನ ಚಿಂತೆ ಹೊತ್ತ ಮಾವ ಸಿಕ್ಕರೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಹೆಂಡತಿಯ ಅಪ್ಪ ಸೇಲಂ ಕಡೆಯ ಪಾಲಮಲೆ ಬೆಟ್ಟದ ಬುಡದಲ್ಲಿ ಕುರಿ ಸಾಕುತ್ತಾರೆ, ಮಳೆ ಬಿದ್ದರೆ ರಾಗಿ ಹಾಕುತ್ತಾರೆ. ಬರೋದಕ್ಕಿಂತ ಜಾಸ್ತಿ ಖರ್ಚು ಮಾಡಬಾರದು, ಇನ್ನೊಬ್ಬರ ಮನೆಯೊಳಕ್ಕೆ ಹೋಗಿ ಹಿಂಗೆ ಬದುಕು ಅನ್ನಬಾರದು. ಅವರ ಮನೆಯ ಈ ಎರಡು ಕಟ್ಟಳೆ ದಿಲ್ಲಿಗೂ ಇರಬೇಕು ಅನ್ನೋದು ಅವರ ವಾದ. ನಗಿಸಬೇಕು ಅಂತ ಅವರು ಯಾವತ್ತೂ ಬಾಯಿ ತೆರೆದವರಲ್ಲ.

ಟೀ ಅಂಗಡಿಯ ಬೋರ್ಡು

ಬಜೆಟ್ ದಿನ ಮಾವ ಕುರಿಗಳನ್ನು ಅತ್ತೆಗೆ ಒಪ್ಪಿಸಿ ಕೊಳತ್ತೂರಿನ ಟೀ ಅಂಗಡಿಗೆ ಬರುತ್ತಾರೆ, ಅಲ್ಲಿ ಟಿವಿ ಇದೆ ಅಂತ. ಒಂದು ವರ್ಷ ಸುದ್ದಿ ಓದುವವಳು ಮಾತಿಗೊಮ್ಮೆ 'ಪಟ್ರಾಕ್ಕುರೈ' ಅನ್ನುತ್ತಿದ್ದಳು. ತಮಿಳಿನಲ್ಲಿ ಕೊರತೆ ಅಂತ ಅರ್ಥ. ಕೊರತೆ ಬಿದ್ದರೆ ಏನು ಮಾಡ್ತಾರೆ ಅಂತ ಅಂಗಡಿಯವನು ಕೇಳಿದ. ಸಾಲ ಮಾಡ್ತಾರೆ, ನಾವು ಬ್ಯಾಂಕಲ್ಲಿ ಇಟ್ಟಿದ್ದನ್ನೇ ತಕ್ಕೊಳ್ತಾರೆ, ತೀರಿಸೋರು ನಮ್ಮ ಮೊಮ್ಮಕ್ಕಳು ಅಂತ ಮಾವ ಬಿಡಿಸಿ ಹೇಳಿದರು.

"ನನ್ನತ್ರ ಯಾರೂ ಬಂದು ಕೇಳ್ಲಿಲ್ವಲ್ಲಣ್ಣಾ."

"ಕೇಳಕಿಲ್ಲ. ಅದೇ ಕಷ್ಟ ಇರೋದು."

ಅಂಗಡಿಯವನು ಸ್ಟೂಲು ಹತ್ತಿ, ಗಿರಾಕಿಗಳಿಗೆ ಅಂತ ನೇತುಹಾಕಿದ್ದ 'ಸಾಲ ಕೇಳಬೇಡಿ' ಬೋರ್ಡನ್ನು ಟಿವಿ ಕಡೆಗೆ ತಿರುಗಿಸಿ ಹಾಕಿದ.

ಬೇಡ ಅನ್ನೋದು ಹೆಂಗೆ

ಒಂದು ಸಲ ಊರಿಗೆಲ್ಲ ಸರ್ಕಾರದ ಫ್ಯಾನು ಪುಕ್ಕಟೆ ಬಂತು. ಮಾವನೂ ಹೋಗಿ ಸಾಲಿನಲ್ಲಿ ನಿಂತರು. ಬೇಕು ಅಂತ ಅಲ್ಲ, ಬೇಡ ಅಂತ ಹೇಳೋಕೆ. ದುಡ್ಡಿನ ಪೆಟ್ಟಿಗೆ ಖಾಲಿ ಇಟ್ಟುಕೊಂಡು ಕೊಡೋದು ದಾನ ಅಲ್ಲ, ನನಗೆ ಗಾಳಿ ಬೇಕಾದರೆ ಬೇವಿನ ಮರ ಐತೆ ಅಂದರು. ಹಂಚುತ್ತಿದ್ದ ಅಧಿಕಾರಿ ಒಳ್ಳೆಯವನು, ತಾಳ್ಮೆಯಿಂದ ಕೇಳಿಸಿಕೊಂಡ. ಕೊಡೋದಕ್ಕೆ ಮಾತ್ರ ತನಗೆ ಆರ್ಡರ್ ಇರೋದು, ವಾಪಸ್ ತಕ್ಕೊಳ್ಳೋಕೆ ಇಲ್ಲ ಅಂದ. ಬೇಡ ಅನ್ನಬೇಕಾದರೆ ಮೊದಲು ಪಡೆದುಕೊಂಡು, ಸೇಲಂಗೆ ಒಯ್ದು ಅಲ್ಲಿ ಬೇಡ ಅನ್ನಬೇಕಂತೆ. ಬಸ್ ಚಾರ್ಜು ನೆನೆದು ಮಾವ ಫ್ಯಾನನ್ನು ಮನೆಗೆ ಹೊತ್ತು ತಂದರು, ಬಿಚ್ಚಲಿಲ್ಲ. ಆ ಡಬ್ಬದ ಮೇಲೆ ಅತ್ತೆಯ ಕೋಳಿ ಕಾವಿಗೆ ಕೂತು ಮರಿ ಎಬ್ಬಿಸಿತು. ಆ ಮನೆಯಲ್ಲಿ ಸರ್ಕಾರದ ಸವಲತ್ತನ್ನು ಮನಸಾರೆ ಒಪ್ಪಿಕೊಂಡದ್ದು ಅದೊಂದೇ.

ದೊಡ್ಡಿಗೊಂದು ಬಲ್ಬು

ಇದು ನಗುವ ವಿಷಯವಾಗಿ ಶುರುವಾಗಲಿಲ್ಲ. ಕಾಡಂಚಿನ ನಾಯಿಗಳು ರಾತ್ರಿ ಹೊತ್ತು ಕುರಿದೊಡ್ಡಿಗೆ ನುಗ್ಗಿ ಮರಿಗಳನ್ನು ಕಚ್ಚಿ ಹಾಕಿದವು. ತಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಮರಿಯನ್ನು ಮಾವ ಟವೆಲ್‌ನಲ್ಲಿ ಸುತ್ತಿ ಹೂತು ಬಂದರು. ಆ ದಿನ ಊಟ ಮಾಡಲಿಲ್ಲ.

ದೊಡ್ಡಿಗೊಂದು ಲೈಟು ಬೇಕು, ಪೂರಾ ದುಡ್ಡು ಕೊಡ್ತೀನಿ ಅಂತ ನಮ್ಮ ಆಫೀಸಿಗೆ ಬಂದರು. ನಮ್ಮ ಸಾರ್‌ಗೆ, ಅಂದರೆ ನನ್ನ ಮೇಲಧಿಕಾರಿಗೆ, ಬೇರೆ ತಲೆನೋವು. ದೊಡ್ಡಿ ಅಂದರೆ ಯಾವ ಲೆಕ್ಕದಲ್ಲಿ ಕನೆಕ್ಷನ್ ಕೊಡೋದು? ಬೆಳೆ ಇಲ್ಲದ್ದರಿಂದ ಹೊಲ ಅಲ್ಲ, ವ್ಯಾಪಾರ ಇಲ್ಲದ್ದರಿಂದ ಅಂಗಡಿ ಅಲ್ಲ, ಯಾರೂ ಮಲಗದ್ದರಿಂದ ಮನೆಯೂ ಅಲ್ಲ. ಮೇಲಿನವರನ್ನು ಕೇಳಬೇಕು ಅಂದರು. ಕೇಳುತ್ತಾ ಕೇಳುತ್ತಾ ಚಳಿಗಾಲ ಬಂತು.

ಮಾವ ಕಂಬಳಿ ಎತ್ತಿಕೊಂಡು ದೊಡ್ಡಿಯಲ್ಲೇ ಮಲಗತೊಡಗಿದರು. ಈ ವಯಸ್ಸಲ್ಲಿ ಒಬ್ಬರನ್ನೇ ಬಿಡೋದು ಹೆಂಗೆ ಅಂತ ಅತ್ತೆಯೂ ಚಾಪೆ ತಂದರು, ಆಮೇಲೆ ಒಲೆ, ಆಮೇಲೆ ದೇವರ ಪಟ. ಕೊನೆಗೆ ನಮ್ಮ ಸಾರ್ ನೋಡೋಕೆ ಬಂದಾಗ ಅಲ್ಲಿ ಸಾರು ಕುದಿಯುತ್ತಿತ್ತು. ಸಾರ್ ಮುಖ ಅರಳಿತು. ಇದು ಮನೆ ಅಂತ ಬರೆದುಕೊಂಡು ಅವತ್ತೇ ಕನೆಕ್ಷನ್ ಕೊಡಿಸಿದರು. ಇಷ್ಟು ವರ್ಷ ಮೈದುನನ ಹೆಸರಿನ ಮನೆಯಲ್ಲೇ ಬಾಳಿದ ಅತ್ತೆ ಬಲ್ಬನ್ನೇ ನೋಡುತ್ತಾ ನಿಂತರು.

"ಸ್ವಂತ ಮನೆ ಕಟ್ಸಿಕೊಡ್ತೀನಿ ಅಂತ ಮದ್ವೇಲಿ ಹೇಳಿದ್ರು," ಅಂದರು ನನಗೆ. "ಕುರಿ ಸಮೇತ ಅಂತ ಹೇಳಿರ್ಲಿಲ್ಲ."

ಏನೂ ಬೇಡದ ಮನವಿ

ಈಚೆಗೆ ಒಂದು ಸಲ ದೊಡ್ಡ ಅಧಿಕಾರಿ ಜನರ ಕುಂದುಕೊರತೆ ಕೇಳೋಕೆ ಕೊಳತ್ತೂರಿಗೆ ಬಂದರು. ಒಬ್ಬರು ರಸ್ತೆ ಕೇಳಿದರು, ಇನ್ನೊಬ್ಬರು ನೀರು. ಮಾವನ ಸರದಿ ಬಂತು. ತಮಿಳು ಅವರಿಗೆ ನೀರು ಕುಡಿದಷ್ಟು ಸುಲಭ, ಆದರೂ ಮನಸ್ಸಿನ ಮಾತು ಕನ್ನಡದಲ್ಲೇ ಬರೋದು ಅಂದು ಸೀದಾ ನನ್ನ ಕಡೆ ನೋಡಿದರು. ನಮ್ಮ ಸಾರ್ ಅಲ್ಲೇ ಕೂತಿದ್ದರು. ಬೆವರುತ್ತಾ ತಮಿಳಿಗೆ ತಿರುಗಿಸೋಕೆ ಎದ್ದು ನಿಂತೆ.

"ನಂಗೆ ಏನೂ ಬ್ಯಾಡ," ಅಂದರು ಮಾವ. "ಇರೋದ್ರಲ್ಲಿ ಖರ್ಚು ಮಾಡಿ. ದುಡ್ಡು ಕೊಟ್ಟು ದೀಪ ಹಚ್ಕೊಳೋನಿಗೆ ಇಷ್ಟು ರೂಲ್ಸ್ ಹಾಕ್ಬ್ಯಾಡಿ. ಅಷ್ಟೇ."

ನಾನು ತಮಿಳಿನಲ್ಲಿ ಹೇಳಿದೆ. ಅಧಿಕಾರಿ ಕನ್ನಡಕ ತೆಗೆದು ಮಾವನನ್ನು ನಿಧಾನವಾಗಿ ನೋಡಿದರು. ಇಂಥದ್ದು ಯಾವ ಇಲಾಖೆಗೆ ಹೋಗಬೇಕು ಅಂತ ಪಕ್ಕದವರನ್ನು ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ಪೆರಿಯವರು, ಅಂದರೆ ಹಿರಿಯರು, ಹೇಳೋದರಲ್ಲಿ ನ್ಯಾಯ ಇದೆ, ಇದನ್ನು ಸ್ಥಳದಲ್ಲೇ ವಿಚಾರಿಸಬೇಕು ಅಂತ ಆರ್ಡರ್ ಮಾಡಿದರು.

ಮುಂದಿನ ವಾರ ಮಾವನಿಗೆ ಏನೇನು ಬೇಡ ಅಂತ ವಿಚಾರಿಸೋಕೆ ಎಲ್ಲಾ ಇಲಾಖೆಯವರೂ ಸಾಲಾಗಿ ಜೀಪುಗಳಲ್ಲಿ ಬಂದಿಳಿದರು. ಧೂಳಿಗೆ ಕುರಿಗಳು ಚೆದುರಿದವು. ಅತ್ತೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು, ಸಾಲದೆ ಪಕ್ಕದ ಮನೆಯಿಂದಲೂ ತಂದರು. ಮಾವ ಒಬ್ಬೊಬ್ಬರಿಗೂ ಕೈಮುಗಿದು ಬೇಡ, ಬೇಡ ಅಂದರು. ಮುಖ ಮಾತ್ರ ಸಣ್ಣಗಾಗಿತ್ತು. ಇಷ್ಟೆಲ್ಲಾ ಖರ್ಚು ತನ್ನಿಂದಲೇ ಆಯಿತಲ್ಲ ಅನ್ನೋ ಸಂಕಟ.

ಹೊರಡುವಾಗ ಅಧಿಕಾರಿಯ ಜೀಪು ಸ್ಟಾರ್ಟ್ ಆಗಲಿಲ್ಲ. ಯಾರೂ ಕರೆಯುವ ಮುಂಚೆ ಮಾವ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ಹೆಗಲು ಕೊಟ್ಟರು, ನಾವೂ ಸೇರಿಕೊಂಡೆವು. ದೊಡ್ಡಿಯಿಂದ ಹುಣಸೆಮರದವರೆಗೆ ತಳ್ಳಿದ ಮೇಲೆ ಇಂಜಿನ್ನು ಕೆಮ್ಮಿ ಎದ್ದಿತು. ಅಧಿಕಾರಿ ತಲೆ ಹೊರಗೆ ಹಾಕಿ, ಈಗಲಾದರೂ ಏನಾದರೂ ಕೇಳಿ ಪೆರಿಯವರೇ ಅಂದರು.

ಮಾವ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು.

"ಅಳಿಯಾ, ದೊಡ್ಡಿಯಿಂದ ಇಲ್ಲೀಗಂಟ ಜೀಪು ಡೀಸೆಲ್ ಖರ್ಚಿಲ್ದೆ ಬಂದೈತೆ. ಅಷ್ಟನ್ನ ಕೊರತೇಲಿ ಕಳೀಬೇಕು ಅಂತ ದಿಲ್ಲಿಗೆ ತಿಳಿಸೋಕೆ ಹೇಳಪ್ಪ."